ಇಪ್ಪತ್ತು ವರ್ಷದ ಮೇಲೆ ನಾವು

ವೆರಾವಲ್‌ನಲ್ಲಿ ಬಾಡಿಗೆ ಕೋಣೆ ತೋರಿಸಿದ ಹೆಂಗಸು ಮೊದಲು ನನ್ನ ಹೆಸರು ಕೇಳಲಿಲ್ಲ. ನನ್ನ ಬಲಗೈ ಹಿಡಿದು ಮೂಗಿನ ಹತ್ತಿರ ತಂದು ಮೂಸಿದಳು. ಆಮೇಲೆ, "ಮಾಛಲೀ ಖಾಓ ಛೋ?" ಎಂದಳು. ಮೀನು ತಿನ್ನುತ್ತೀರಾ ಎಂದು ಅರ್ಥ. ನನ್ನ ಜೊತೆ ಬಂದಿದ್ದ ಕೇರಳದ ಹುಡುಗಿ ಹಿಂದಿನಿಂದ ಚಿವುಟಿದಳು. ನಾನು ಜೋರಾಗಿ ತಲೆ ಅಲ್ಲಾಡಿಸಿ ಇಲ್ಲ ಎಂದೆ. ಬೆಳಿಗ್ಗೆ ಬಂಗುಡೆ ಸಾರು, ಮಧ್ಯಾಹ್ನ ಬಂಗುಡೆ ಸಾರು ಉಂಡು ಬೆಳೆದ ಕುಂದಾಪುರದವಳು, ಮೀನಿನ ಫ್ಯಾಕ್ಟರಿಯಲ್ಲಿ ಸಿಗಡಿ ಸುಲಿಯಲೆಂದೇ ಗುಜರಾತಿಗೆ ಬಂದವಳು, ಒಂದು ಕೋಣೆಯ ಆಸೆಗೆ ಹುಟ್ಟಿದಂದಿನಿಂದ ಮೀನು ಮುಟ್ಟಿದವಳೇ ಅಲ್ಲವೆಂದುಬಿಟ್ಟೆ.

ಆ ಕ್ಷಣ ನೆನಪಾದವಳು ಗಿರಿಜಾ. ಅವಳನ್ನು ನೆನೆಯದೆ ಈ ಊರಿನ ಬಗ್ಗೆ ಒಂದು ಸಾಲು ಬರೆಯುವುದೂ ನನ್ನಿಂದ ಆಗುವುದಿಲ್ಲ, ಹಾಗಾಗಿ ಅವಳ ಕಥೆ ಮೊದಲು ಹೇಳುತ್ತೇನೆ.

ನಾವು ತಲ್ಲೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದು ೧೯೯೮ರಲ್ಲಿ. ಬೀಳ್ಕೊಡುಗೆಯ ದಿನ ಗೋಡೆಗೆ ಹಚ್ಚಲು ಒಂದು ಕೈಬರಹದ ಪತ್ರಿಕೆ ಮಾಡಿದ್ದೆವು. ನನ್ನ ಅಕ್ಷರ ದುಂಡಗೆ, ನಮ್ಮ ಮಾತಿನಲ್ಲಿ ಉರುಟು, ಎಂದು ಮಾಷ್ಟ್ರು ಬರೆಯುವ ಕೆಲಸ ನನಗೇ ಕೊಟ್ಟರು. ಕೊನೆಯ ಪುಟದ ತಲೆಬರಹ 'ಇಪ್ಪತ್ತು ವರ್ಷದ ಮೇಲೆ ನಾವು'. ಪೆನ್ನು ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗಿ, ಎಂತ ಆಗ್ತೀಯಾ ಎಂದು ಕೇಳಿ ಬರೆದುಕೊಂಡೆ. ಆ ಒಂದು ವಾರ ನನ್ನ ಗತ್ತು ಹೇಳತೀರದು. ಸದಾನಂದ ಬಸ್ ಡ್ರೈವರ್ ಎಂದ. ಮಾಷ್ಟ್ರು ಬೈದದ್ದಕ್ಕೆ ಪೈಲಟ್ ಎಂದು ತಿದ್ದಿಸಿದ. ಹುಡುಗಿಯರಲ್ಲಿ ಅರ್ಧ ಜನ ಡಾಕ್ಟರು, ಉಳಿದರ್ಧ ಟೀಚರು. ನನ್ನ ಹೆಸರಿನ ಮುಂದೆ ಕನ್ನಡ ಪ್ರೊಫೆಸರ್ ಎಂದು ಎರಡು ಬಣ್ಣದಲ್ಲಿ ಬರೆದುಕೊಂಡೆ.

ಗಿರಿಜಾ ಕೊನೆಯ ಬೆಂಚಿನವಳು. ಅವಳಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಮನೆಯ ಅಂಗಳಕ್ಕೇ ಮೀನು ತರುತ್ತಿದ್ದರು. ಆ ಮೀನು ತಿಂದು ಬಂದ ನಾವೇ ಗಿರಿಜಾಳ ಪಕ್ಕ ಕೂರುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಅವಳ ಸಾಲನ್ನು ನಾನು ಮನೆಯಲ್ಲೇ ಕೂತು ಬರೆದೆ: 'ಗಿರಿಜಾ: ಕುಂದಾಪುರ ಮೀನು ಮಾರ್ಕೆಟ್ಟಿನ ಮಹಾರಾಣಿ.' ಪಕ್ಕದಲ್ಲಿ ಒಂದು ಬುಟ್ಟಿಯ ಚಿತ್ರ. ಬೀಳ್ಕೊಡುಗೆಯ ದಿನ ಅದನ್ನು ಓದಿ ಇಡೀ ಕ್ಲಾಸ್ ಬಿದ್ದು ಬಿದ್ದು ನಕ್ಕಿತು. ಮಾಷ್ಟ್ರೂ ನಕ್ಕರು. ಗಿರಿಜಾ ಓದಿದಳು, ಚೀಲ ಎತ್ತಿಕೊಂಡು ಹೊರಟುಹೋದಳು. ಅರ್ಧ ಗಂಟೆಯ ನಂತರ ತೆಗೆದ ಕ್ಲಾಸ್ ಫೋಟೋದಲ್ಲಿ ಅವಳಿಲ್ಲ.

ನನ್ನ ಪ್ರೊಫೆಸರ್‌ಗಿರಿ ಪಿಯುಸಿ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆಯುವುದರೊಂದಿಗೆ ಮುಗಿಯಿತು. ಮದುವೆ ಮಾತು ಎರಡು ಕಡೆ ಬಂದು ಎರಡೂ ಕಡೆ ಮುರಿಯಿತು. ಗುಜರಾತಿನ ಮೀನಿನ ಫ್ಯಾಕ್ಟರಿಯಲ್ಲಿದ್ದ ಬೈಂದೂರಿನ ಪರಿಚಯದ ಅಕ್ಕನೊಬ್ಬಳು, "ಇಲ್ಲಿಗ್ ಬಾ, ನಿನ್ನ್ ಕೈಗ್ ಕೆಲ್ಸ ಇತ್ತ್" ಎಂದು ಕರೆದಳು. ಹಾಗೆ ನಾನು ವೆರಾವಲ್ ಸೇರಿದೆ.

ಇಲ್ಲಿಯೂ ಸಮುದ್ರವೇ, ದೋಣಿಗಳೇ, ಕಾಗೆಗಳೇ. ಆದರೆ ನಮ್ಮ ಗಂಗೊಳ್ಳಿ ಬಂದರಿನ ಮೀನು ಸಂಜೆಗೆ ಎಲ್ಲರ ಒಲೆಯ ಮೇಲಿರುತ್ತದೆ. ಇಲ್ಲಿ ನಮ್ಮ ಫ್ಯಾಕ್ಟರಿಗೆ ಬಂದದ್ದು ಮಂಜುಗಡ್ಡೆಯಲ್ಲಿ ಮಲಗಿ ಎಲ್ಲೋ ಹಡಗು ಹತ್ತುತ್ತದೆ, ನಮ್ಮ ಬೀದಿಯ ಒಲೆಗಳಿಗೆ ಅದು ಗೊತ್ತೇ ಇಲ್ಲ. ಮೊದಲ ತಿಂಗಳು ಬೆರಳುಗಳು ಮರಗಟ್ಟಿ ತುತ್ತು ಹಿಡಿಯಲೂ ಆಗುತ್ತಿರಲಿಲ್ಲ. ದಾಲಿಗೆ ಬೆಲ್ಲ ಹಾಕುತ್ತಾರೆ ಎಂದು ಅತ್ತಿದ್ದೇನೆ, ನಗಬೇಡಿ. ಕುಚ್ಚಲಕ್ಕಿ ಗಂಜಿಗಾಗಿ ಹಪಹಪಿಸಿದ್ದೇನೆ. ಸಜ್ಜೆಯ ದಪ್ಪ ರೊಟ್ಟಿಗೆ ಅವರು ರೋಟಲೊ ಎನ್ನುತ್ತಾರೆ, ಈಗ ಅದನ್ನು ನನ್ನ ಕೈಯಲ್ಲೇ ತಟ್ಟುತ್ತೇನೆ. ತರಕಾರಿಯವಳ ಹತ್ತಿರ ಗುಜರಾತಿಯಲ್ಲಿ ಚೌಕಾಸಿ ಮಾಡಿ ಗೆದ್ದ ದಿನ ಯಾರಿಗೆ ಹೇಳುವುದೆಂದು ತಿಳಿಯದೆ ಕೋಣೆಯಲ್ಲಿ ಒಬ್ಬಳೇ ಕೂತು ನಕ್ಕೆ. ಭಾನುವಾರ ಮಾತ್ರ ಕೇರಳದ ಹುಡುಗಿಯರ ಹಾಸ್ಟೆಲಿಗೆ ಹೋಗಿ ಕದ್ದು ಮೀನು ತಿನ್ನುತ್ತಿದ್ದೆ. ಫ್ಯಾಕ್ಟರಿಯ ಹಸಿ ವಾಸನೆ ಕೂಲಿಯದ್ದೆಂದು ಮನೆಯವಳು ಸಹಿಸುತ್ತಿದ್ದಳು, ಸಾರಿನ ವಾಸನೆಯನ್ನಲ್ಲ. ಬರುವಾಗ ಕೈಗೆ ಲಿಂಬೆಹುಳಿ ತಿಕ್ಕಿ ತಿಕ್ಕಿ ಗೆರೆಗಳೆಲ್ಲ ಉರಿಯುತ್ತಿದ್ದವು. ಅಕ್ಷರ ಉರುಟೆಂದು ಎರಡನೇ ವರ್ಷ ನನ್ನನ್ನು ಪೆಟ್ಟಿಗೆಗಳ ಮೇಲೆ ಚೀಟಿ ಬರೆಯಲು ಹಾಕಿದರು. ಪ್ರೊಫೆಸರ್ ಅಮ್ಮನ ಅಕ್ಷರ ಹೀಗೆ ಸಾರ್ಥಕವಾಯಿತು.

೨೦೧೮ರಲ್ಲಿ ಸದಾನಂದ ಫೋನ್ ಮಾಡಿದ. ಅವನೀಗ ಬ್ರಹ್ಮಾವರದಲ್ಲಿ ಕಟ್ಟಡದ ಕಂಟ್ರಾಕ್ಟರ್. "ನಮ್ ಕ್ಲಾಸಿನವ್ರೆಲ್ಲ ಸೇರ್ತಾ ಇದ್ರ್. ನೀ ಬರ್ಕೇ" ಎಂದ. ಗಿರಿಜಾಳ ಹತ್ತಿರ ಕ್ಷಮೆ ಕೇಳಬೇಕು, ಅಷ್ಟಕ್ಕಾಗಿಯೇ ರಜೆ ಹಾಕಿ ರೈಲು ಹತ್ತಿದೆ.

ತೆಕ್ಕಟ್ಟೆಯ ಒಂದು ಸಣ್ಣ ಹಾಲ್‌ನಲ್ಲಿ ಎಲ್ಲರೂ ಸೇರಿದ್ದರು. ಗಿರಿಜಾ ಇರಲಿಲ್ಲ. ಕೇಳಿದರೆ, ಅವಳ ನಂಬರ್ ಯಾರ ಹತ್ತಿರವೂ ಇಲ್ಲವಂತೆ. ಮಾತು ಮುಂದುವರಿದಾಗ ತಿಳಿಯಿತು, ಅವಳು ಕುಂದಾಪುರ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ, ಅಲ್ಲಿದ್ದ ಅರ್ಧ ಜನ ಅವಳ ಹತ್ತಿರವೇ ಕೊಳ್ಳುವವರು. ಅಷ್ಟರಲ್ಲಿ ಸದಾನಂದ ತಾನು ಇಟ್ಟುಕೊಂಡಿದ್ದ ಆ ಹಳೆಯ ಪತ್ರಿಕೆ ಬಿಚ್ಚಿ ಮೈಕಿನಲ್ಲಿ ಓದತೊಡಗಿದ. ಡಾಕ್ಟರು, ಪೈಲಟ್, ಪ್ರೊಫೆಸರ್ ಎಲ್ಲದಕ್ಕೂ ನಗು. ಗಿರಿಜಾಳ ಸಾಲು ಬಂದಾಗ ಚಪ್ಪಾಳೆ.

"ಶಕ್ಕು ಬರ್ದದ್ರಂಗೆ ಸಮಾ ಆದ್ದ್ ಇದೊಂದೇ, ಕಾಣಿ!" ಎಂದ ಸದಾನಂದ, ನನ್ನತ್ತ ಕೈ ತೋರಿಸಿ.

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸುವುದಿದ್ದರೆ ಮೊದಲು ಯಾರ ಕೆನ್ನೆಗೆ ಎಂದು ನನಗೆ ಗೊತ್ತಿತ್ತು. ಗ್ರೂಪ್ ಫೋಟೋಕ್ಕೆ ಹಲ್ಲು ಕಿಸಿದು ನಿಂತೆ.

ಮರುದಿನ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋದೆ. ಗಿರಿಜಾ ಕತ್ತಿ ಹಿಡಿದು ಅಂಜಲ್ ಮೀನು ಕೊಯ್ಯುತ್ತಿದ್ದಳು.

"ಹ್ವಾಯ್, ಬಂಗ್ಡಿ ಕಾಣಿ, ಈಗಷ್ಟೇ ಬಂದದ್ದ್" ಎಂದಳು ತಲೆ ಎತ್ತದೆ.

"ಗಿರಿಜಾ, ನಾನ್ ಶಕ್ಕು. ಒಂದೇ ಕ್ಲಾಸ್ ಅಲ್ದಾ ನಾವ್."

ಕತ್ತಿ ನಿಂತಿತು. "ಗೊತ್ತಾಯ್ತ್. ಎಲ್ಲಿದ್ದೆ ಈಗ?"

"ಗುಜರಾತಂಗ್. ಮೀನಿನ್ ಫ್ಯಾಕ್ಟ್ರಿ."

"ಹಂಗಾರ್ ದಿನಾ ಮೀನೂಟ."

ತಿನ್ನುವ ಹಾಗಿಲ್ಲ, ಬಾಡಿಗೆ ಮನೆಯವಳು ಕೈ ಮೂಸಿ ನೋಡುತ್ತಾಳೆ ಎಂದೆ. ಗಿರಿಜಾ ನಕ್ಕಳು. ಅಕ್ಕಪಕ್ಕದವರು ತಿರುಗಿ ನೋಡುವಷ್ಟು, ಆ ದಿನ ಕ್ಲಾಸ್ ನಕ್ಕಿತ್ತಲ್ಲ, ಅಷ್ಟೇ ಜೋರಾಗಿ. ನಕ್ಕು ಮುಗಿಸಲಿ ಎಂದು ಕಾದೆ.

"ಅವತ್ ಬರ್ದದ್ದ್ ತಪ್ಪಾಯ್ತ್ ಮಾರಾಯ್ತಿ" ಎಂದೆ. "ಇಷ್ಟ್ ವರ್ಷ ಮಂಡೆಯಂಗೇ ಇತ್ತ್."

ಅವಳು ಕೈ ಒರೆಸಿಕೊಂಡಳು. "ಮೀನ್ ಮಾರುಕೆ ನಂಗ್ ನಾಚ್ಕಿ ಇಲ್ಲ. ಅಮ್ಮ ಮಾರಿಯೇ ನನ್ನ್ ಸಾಕಿದ್ದ್. ಆದ್ರೆ ನೀ ಪೆನ್ ಹಿಡ್ಕಂಡ್ ಎಲ್ಲರ್ ಹತ್ರನೂ ಹೋಯಿ ಕೇಂಡೆ. ನನ್ನ್ ಬೆಂಚಿಗೂ ಬತ್ತೆ ಅಂದೇಳಿ ಮೂರ್ ದಿನ ಕಾದೆ. ಎಂತ ಹೇಳ್ಕ್ ಅಂದೇಳಿ ಮನಸ್ಸಂಗೇ ಮಾಡ್ಕಂಡಿದ್ದೆ. ನೀ ಬರ್ಲೇ ಇಲ್ಲ."

ಇಪ್ಪತ್ತು ವರ್ಷ ನಾನು ಬರೆದ ಸಾಲಿಗಾಗಿ ಕೊರಗುತ್ತಿದ್ದೆ, ಕೇಳದೆ ಬಿಟ್ಟದ್ದಕ್ಕಲ್ಲ. ಅವಳು ಕಾದದ್ದು ನನಗೆ ಗೊತ್ತೇ ಇರಲಿಲ್ಲ.

"ಈಗ ಹೇಳ್, ಗಿರಿಜಾ. ಎಂತ ಆಯ್ಕ್ ಅಂದೇಳಿ ಇತ್ತ್ ನಿಂಗೆ?"

"ಅದನ್ನ್ ಅವತ್ತೇ ಕೇಳ್ಕಿತ್ತ್ ನೀನ್" ಎಂದಳು. "ಈಗ ಬಂಗ್ಡಿ ಎಷ್ಟ್ ಬೇಕ್ ಹೇಳ್, ಹಿಂದೆ ಜನ ನಿಂತಿದ್ರ್."

ಹತ್ತು ಬಂಗುಡೆ ಹಾಕಿಸಿಕೊಂಡು ಬಂದೆ. ಅಮ್ಮ ಸಾರು ಮಾಡಿದಳು. ಒಂದು ತುತ್ತೂ ಇಳಿಯಲಿಲ್ಲ.

ವೆರಾವಲ್‌ಗೆ ಮರಳಿದ ಸಂಜೆ ಮನೆಯವಳು ಚಹಾ ತಂದಳು. ಈಗ ಅವಳಿಗೆ ನಾನು ಬೆನ್ ಎನ್ನುತ್ತೇನೆ, ಅಕ್ಕ ಎಂದ ಹಾಗೆ. ನನಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂರುವವಳು ಅವಳೇ. ಮೊಬೈಲಿನಲ್ಲಿ ಗ್ರೂಪ್ ಫೋಟೋ ನೋಡಿ, ನಿನ್ನ ಕ್ಲಾಸಿನವರೆಲ್ಲ ಇದರಲ್ಲಿದ್ದಾರಾ ಎಂದು ಕೇಳಿದಳು.

ಎಲ್ಲರೂ ಇದ್ದಾರೆ ಎಂದೆ. ಆ ಮನೆಯಲ್ಲಿ ಅದು ನನ್ನ ಎರಡನೇ ಸುಳ್ಳು. ಮೊದಲನೆಯದನ್ನು ಈ ಊರಿನಲ್ಲಿ ಒಂದು ಕೋಣೆ ಸಿಗಲಿ ಎಂದು ಹೇಳಿದ್ದೆ. ಎರಡನೆಯದನ್ನು, ನನ್ನ ಊರಿನಲ್ಲಿ ನನಗಿನ್ನೂ ಒಂದು ಜಾಗ ಉಳಿದಿದೆ ಎಂದು ಅವಳು ತಿಳಿದುಕೊಳ್ಳಲಿ ಎಂದು.