ಕೇಳದೇ ಬರೆದ ‘ಇಲ್ಲ’

ನಮ್ಮ ಕಂಪ್ಯೂಟರ್ ಮೇಷ್ಟ್ರ ಬಲ ಹೆಬ್ಬೆರಳಿಗೆ ತುದಿ ಇರಲಿಲ್ಲ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಕಾಫಿ ಹಣ್ಣು ಸುಲಿಯುವ ಯಂತ್ರಕ್ಕೆ ಸಿಕ್ಕಿ ಹೋದದ್ದಂತೆ. ಆಮೇಲೆ ತಾವೇ ಪುಸ್ತಕ ಓದಿ ಕಂಪ್ಯೂಟರ್ ಕಲಿತು, ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆಯಲ್ಲಿ ನಮಗೆ ಕಲಿಸುತ್ತಿದ್ದರು. ಬೈಯುತ್ತಿರಲಿಲ್ಲ. ತಪ್ಪು ಕಂಡರೆ ಕನ್ನಡಕ ತೆಗೆದು ಒರೆಸುತ್ತ ಸುಮ್ಮನೆ ಕೂರುತ್ತಿದ್ದರು. ನಮಗೆ ಅದೇ ಹೆಚ್ಚು ಭಯ.

ಊರಿನ ಒಂದು ಸಣ್ಣ ಆಸ್ಪತ್ರೆಗೆ ರೋಗಿಗಳ ವಿವರ ತೋರಿಸುವ ಪುಟ ಬೇಕಾಗಿತ್ತು. ಮೇಷ್ಟ್ರು ಒಪ್ಪಿಕೊಂಡು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಭಾಗವನ್ನು ನನಗೆ ವಹಿಸಿದರು. ಒಬ್ಬೊಬ್ಬ ರೋಗಿಗೂ ಒಂದೊಂದು ಆಬ್ಜೆಕ್ಟ್, ಅಂದರೆ ವಿವರಗಳ ಒಂದು ಕಟ್ಟು. ಅದರೊಳಗೆ ಹೆಸರು, ವಯಸ್ಸು, ಅಲರ್ಜಿ ಎಂಬ ಪ್ರಾಪರ್ಟಿಗಳು, ಅಂದರೆ ಒಂದೊಂದು ವಿವರಕ್ಕೆ ಒಂದೊಂದು ಖಾನೆ. ಅಲರ್ಜಿಯಲ್ಲಿ ಏನಾದರೂ ಬರೆದಿದ್ದರೆ ಕೆಂಪಕ್ಷರದಲ್ಲಿ ತೋರಿಸು, ಇಲ್ಲದಿದ್ದರೆ ‘ಅಲರ್ಜಿ ಇಲ್ಲ’ ಎನ್ನು ಎಂದು ಬರೆದೆ. ಪುಟ ಆಸ್ಪತ್ರೆಗೆ ಹೋಯಿತು.

ಮೂರನೆಯ ದಿನ ಬೆಳಿಗ್ಗೆ ಮೇಷ್ಟ್ರು ಅದನ್ನು ಮತ್ತೆ ತೆರೆದು ನೋಡುತ್ತಿದ್ದವರು ತಟ್ಟನೆ ಕೇಳಿದರು, “ಹಳೇ ರಿಜಿಸ್ಟರಿನಿಂದ ತಂದ ಈ ರೋಗಿಗಳಿಗೆ ಅಲರ್ಜಿ ಅನ್ನೋ ಪ್ರಾಪರ್ಟಿನೇ ಇಲ್ವಲ್ಲ?”

“ಹಾಗಂದ್ರೆ ಅಲರ್ಜಿ ಇಲ್ಲ ಅಂತ ತಾನೇ, ಸಾರ್?”

“ಅಲ್ಲ ಮಾರಾಯ್ತಿ! ಕೇಳಿದ್ಮೇಲೆ ಇಲ್ಲ ಅಂದಿದ್ದು ಬೇರೆ, ಕೇಳೇ ಇಲ್ಲದ್ದು ಬೇರೆ.”

ಆಸ್ಪತ್ರೆಗೆ ಫೋನ್ ಮಾಡಿದರೆ ಎಂಗೇಜ್. ಇನ್ನೊಮ್ಮೆ ಮಾಡಿದರೂ ಎಂಗೇಜ್. ಮೇಷ್ಟ್ರು ಚಪ್ಪಲಿಯನ್ನೂ ಮೆಟ್ಟದೆ ಓಡಿದರು, ಹಿಂದೆಯೇ ನಾನು.

ಕಾಲಿನ ಗಾಯ ಕೀವಾಗಿದ್ದ ಹೆಂಗಸೊಬ್ಬಳು ಮಂಚದ ಮೇಲಿದ್ದಳು. ಬಣಕಲ್ ಕಡೆಯ ತೋಟದ ಕೆಲಸದವಳು. ಪರದೆಯ ಮೇಲಿನ ‘ಅಲರ್ಜಿ ಇಲ್ಲ’ ನೋಡಿ ನರ್ಸ್ ಸಿರಿಂಜಿಗೆ ಪೆನಿಸಿಲಿನ್ ತುಂಬಿಕೊಂಡಾಗಿತ್ತು.

“ಸಿಸ್ಟರ್, ನಿಲ್ಸಿ!” ಮೇಷ್ಟ್ರಿಗೆ ಏದುಸಿರು. “ಇಂಜೆಕ್ಷನ್ ಒಗ್ಗುತ್ತಾ ಅಂತ ಅವರನ್ನ ಒಂದು ಮಾತು ಕೇಳಿ.”

ಕೇಳಿದಾಗ ಆಕೆ, “ಹಿಂದೊಂದ್ಸಲ ಇಂಜೆಕ್ಷನ್ ಚುಚ್ಚಿದ್ಮೇಲೆ ಮುಖ ಎಲ್ಲ ಊದಿ ಉಸಿರೇ ಕಟ್ಟಿತ್ತಮ್ಮ,” ಅಂದಳು. ನರ್ಸ್ ಸಿರಿಂಜ್ ಕೆಳಗಿಟ್ಟು ಡಾಕ್ಟರನ್ನು ಕರೆದಳು.

“ಯಾರ್ರೀ ಇದನ್ನ ಬರೆದಿದ್ದು?” ಡಾಕ್ಟರು ಪರದೆ ತೋರಿಸಿ ಗದರಿದರು.

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, “ನಾನೇ,” ಅಂದರು.

ಮೇಷ್ಟ್ರು ಅಂದೇ ನನ್ನನ್ನು ಕೂರಿಸಿಕೊಂಡು ತಿದ್ದಿಸಿದರು. ಬೇಕಾದ ಪ್ರಾಪರ್ಟಿಗಳೆಲ್ಲ ಆಬ್ಜೆಕ್ಟಿನಲ್ಲಿ ಇವೆಯೇ ಎಂದು ಮೊದಲು ‘ಇನ್’ ಎಂಬ ಜಾವಾಸ್ಕ್ರಿಪ್ಟ್ ಪದ ಹಾಕಿ ನೋಡಬೇಕು, ಯಾವುದು ಇಲ್ಲವೋ ಅದರ ಮುಂದೆ ‘ಕೇಳಿಲ್ಲ’ ಎಂದು ಬರಬೇಕು. ಆದರೂ ಆಸ್ಪತ್ರೆ ಮೇಷ್ಟ್ರಿಗೆ ಮತ್ತೆ ಕೆಲಸ ಕೊಡಲಿಲ್ಲ. ವರ್ಷದ ನಂತರ ಅಲ್ಲೇ ನನಗೆ ನೌಕರಿ ಸಿಕ್ಕಿತು. “ಹೋಗು, ನೀನು ನೋಡ್ಕೊಂಡ್ರೆ ನನಗೂ ಧೈರ್ಯ,” ಅಂದರು ಮೇಷ್ಟ್ರು.

ಮೇಷ್ಟ್ರು ತೀರಿಕೊಂಡ ಮರುದಿನ ಡಾಕ್ಟರ ಕೋಣೆಗೆ ಹೋಗಿ, “ಅವತ್ತಿನ ಆ ‘ಅಲರ್ಜಿ ಇಲ್ಲ’ ಬರೆದವಳು ನಾನು, ಸಾರ್,” ಅಂದೆ.

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. “ಅವರು ಇದ್ದಾಗ ಹೇಳಬೇಕಿತ್ತಮ್ಮ,” ಅಂದರು.