ಪುಟದ ಹೊರಗಿನ ಕೆಂಪು ಚೌಕ

ನಮ್ಮ ಪತ್ರಿಕಾ ಕಚೇರಿಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿಗೆ ಒಂದು ಅಂಗಿ ಇದೆ. ಅಂಗಿಯೆಂದರೆ ಧೂಳು ತಡೆಯುವ ಹೊದಿಕೆ. ಕಿಟಕಿ ಪರದೆಗೆ ತಂದು ಮಿಕ್ಕಿದ ನೀಲಿ ಹೂವಿನ ಬಟ್ಟೆಯಲ್ಲಿ ಹೊಲಿದದ್ದು. ಹೊಲಿದವರು ಪುಷ್ಪಲತಾ, ಒಂದು ಕಾಲಕ್ಕೆ ನಮ್ಮ ವಾರಪತ್ರಿಕೆಯ ಪುಟ ಕಟ್ಟುತ್ತಿದ್ದವರು. ಎಂಟು ವರ್ಷಗಳ ಹಿಂದೆ ಅವರು ಕೆಲಸ ಬಿಟ್ಟು ಸುಳ್ಯದಲ್ಲಿ ಆಮಂತ್ರಣ ಪತ್ರಿಕೆ ಅಚ್ಚು ಮಾಡುವ ಅಂಗಡಿ ತೆರೆದರು. ಅಂಗಿ ಇಲ್ಲೇ ಉಳಿದು ಪುತ್ತೂರು ಪೇಟೆಯ ಧೂಳನ್ನೆಲ್ಲ ಕುಡಿಯಿತು. ನಾನು ದಿನವೂ ಅದರ ಎದುರು ಕೂತು ಕರಡು ತಿದ್ದುತ್ತೇನೆ. ಅದರ ಅಡಿಯಲ್ಲಿ ನನ್ನದೇ ಒಂದು ಮಾತು ಮುಚ್ಚಿಕೊಂಡಿದೆ ಎಂದು ಯಾರಾದರೂ ಹೇಳಿದ್ದರೆ, ದಾಖಲೆ ತೋರಿಸಿ ಎನ್ನುತ್ತಿದ್ದೆ.

ದಾಖಲೆ ಕೇಳುವುದು ನನ್ನ ಕಸುಬಿನ ರೋಗ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೂ ಇನ್ನೊಬ್ಬರನ್ನು ಕೇಳಿ ಖಚಿತಪಡಿಸಿಕೊಳ್ಳುವ ಮನುಷ್ಯ ಎಂದು ಹೆಂಡತಿ ನಗುತ್ತಾಳೆ. ಮೂಲ ನೋಡದೆ ಸಹಿ ಹಾಕುವುದಿಲ್ಲ ಎಂಬ ಈ ಹಟವನ್ನು ನಾನು ನನ್ನ ಏಕೈಕ ಆಸ್ತಿಯೆಂದು ತಿಳಿದಿದ್ದೆ.

ಕಳೆದ ತಿಂಗಳು ಹಮೀದಾಕ ಕಚೇರಿಗೆ ಬಂದರು. ನೆಲ್ಯಾಡಿಯಲ್ಲಿ ಹಗ್ಗ, ಟಾರ್ಪಾಲು ಮಾರುವ ಹಮೀದ್ ಅವರನ್ನು ಆ ಕಡೆಯವರೆಲ್ಲ ಕರೆಯುವುದು ಹಾಗೆಯೇ. ಎಂಟು ವರ್ಷಗಳ ಹಿಂದೆ ಕಾಣಿಯೂರಿನ ತೋಟಗಳಿಂದ ಪಂಪುಸೆಟ್ಟು ಕದ್ದವನೊಬ್ಬ ಅದನ್ನು ಮಾರಲು ಅವರ ಅಂಗಡಿಗೇ ಬಂದಿದ್ದ. ಅವರು ಅವನಿಗೆ ಚಹಾ ತರಿಸಿ ಕೂರಿಸಿ ಪೊಲೀಸರಿಗೆ ತಿಳಿಸಿದ್ದರು. ನಮ್ಮ ಪತ್ರಿಕೆಯಲ್ಲಿ ಸುದ್ದಿ ಬಂತು, ಹಮೀದಾಕನ ಭಾವಚಿತ್ರವೂ ಬಂತು, ಅದರ ಕೆಳಗೆ ‘ಬಂಧಿತ ಆರೋಪಿ’ ಎಂದು ಬಂತು. ಮುಂದಿನ ವಾರ, ಮುದ್ರಣಾಲಯದಲ್ಲಿ ಆದ ದೋಷಕ್ಕೆ ವಿಷಾದಿಸುತ್ತೇವೆ ಎಂದು ನಾಲ್ಕು ಸಾಲು ಹಾಕಿದೆವು. ಆ ನಾಲ್ಕು ಸಾಲು ಬರೆದವನು ನಾನು, ಯಾವ ತಪ್ಪಿಗೂ ಹಾಗೆ ಬರೆಯುವುದೇ ನಮ್ಮ ರೂಢಿ. ಆದರೆ ಕಚೇರಿಯ ಒಳಗೆ, ಇದು ಪುಟ ಕಟ್ಟಿದವರ ಕೈತಪ್ಪು ಎಂದೇ ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ. ಎರಡು ತಿಂಗಳಲ್ಲಿ ಪುಷ್ಪಲತಾ ಕೆಲಸ ಬಿಟ್ಟರು. ಯಾಕೆಂದು ನಾನು ಕೇಳಲಿಲ್ಲ.

“ಈಗ ಮಸೀದಿ ಕಮಿಟಿಗೆ ನನ್ನ ಹೆಸರು ಹೇಳಿದ್ದಾರೆ ಮಾರಾಯ್ರೆ,” ಅಂದರು ಹಮೀದಾಕ. “ಯಾರೋ ಆ ಹಳೇ ಪೇಪರಿನ ಫೋಟೋ ಮೊಬೈಲಲ್ಲಿ ಬಿಟ್ಟಿದ್ದಾರೆ. ಶುಕ್ರವಾರ ಮೀಟಿಂಗ್ ಉಂಟು.”

“ತಿದ್ದುಪಡಿ ಹಾಕಿದ್ದೇವಲ್ಲ?”

“ತಿದ್ದುಪಡಿಯನ್ನು ಯಾರು ಬಿಡ್ತಾರೆ? ಅದರಲ್ಲಿ ನನ್ನ ಮುಖ ಇಲ್ವಲ್ಲ.” ಅವರು ನಕ್ಕರು. ಆಮೇಲೆ ನಗಲಿಲ್ಲ. “ಕಮಿಟಿ ಹೋದರೆ ಹೋಗ್ಲಿ. ಮೊಮ್ಮಗಳು ಮೊಬೈಲ್ ತಂದು, ಇದು ನೀವಾ ಅಂತ ಕೇಳಿದ್ಲು. ಅವಳಿಗೆ ಎಂತ ಹೇಳುದು? ತಪ್ಪು ಹೇಗೆ ಆಯ್ತು ಅಂತ ಒಂದು ಕಾಗದ ಬರೆದು ಕೊಡಿ.”

ಮುದ್ರಣಾಲಯದ ದೋಷ ಎಂದು ಆಗಲೇ ಬರೆದು ಸಹಿ ಹಾಕಬಹುದಿತ್ತು. ಆದರೆ ಹಟ ಬಿಡಲಿಲ್ಲ. ತಪ್ಪು ಆದದ್ದು ಎಲ್ಲೆಂದು, ನಾವು ಕಳುಹಿಸಿದ ಪುಟವನ್ನು ಕಣ್ಣಾರೆ ಕಂಡ ಮೇಲೆಯೇ ಬರೆಯಬೇಕು. ಪುಟ ಒಂದು ಸೀಡಿಯಲ್ಲಿತ್ತು. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಚೌಕಟ್ಟುಗಳು ಒಂದರ ಮೇಲೊಂದು ಬಿದ್ದು, ಚಿತ್ರ ಒಂದೆಡೆ, ಅಡಿಬರಹ ಇನ್ನೊಂದೆಡೆ. ಸುಳ್ಯಕ್ಕೆ ಫೋನು ಮಾಡಿದೆ.

“ಅದು ಹಾಗೆ ಬರುದಿಲ್ಲ ಸರ್,” ಅಂದರು ಪುಷ್ಪಲತಾ. “ಆ ಸೀಡಿಯಲ್ಲೇ ಹಳೇ ಸಾಫ್ಟ್‌ವೇರಿನ ಸೋರ್ಸ್ ಉಂಟು, ನಾನೇ ಹಾಕಿಟ್ಟದ್ದು. ಹಳೇ ಕಂಪ್ಯೂಟರಲ್ಲಿ ಕಂಪೈಲ್ ಮಾಡಿ. ಹೇಗೆ ಅಂತ ಅದರೊಳಗೇ ಬರೆದುಂಟು.”

ನಾವು ಆಗ ಬಳಸುತ್ತಿದ್ದದ್ದು ಎಲ್ಲೆಲ್ಲಿಯೋ ಇರುವ ಅಪರಿಚಿತರು ಕೂಡಿ ಬರೆದು, ಬರೆದದ್ದನ್ನು ಯಾರು ಬೇಕಾದರೂ ಓದಲಿ, ತಿದ್ದಲಿ ಎಂದು ಬಿಚ್ಚಿಟ್ಟ ತಂತ್ರಾಂಶ. ಸಿದ್ಧವಾಗಿ ಸಿಗುತ್ತಿದ್ದ ಆವೃತ್ತಿ ಕನ್ನಡದ ಒತ್ತಕ್ಷರಗಳನ್ನು ಚೆಲ್ಲಾಪಿಲ್ಲಿ ಮಾಡುತ್ತಿದ್ದುದರಿಂದ, ಇನ್ನೂ ತಯಾರಾಗುತ್ತಿದ್ದ ಆವೃತ್ತಿಯ ಮೂಲಬರಹವನ್ನೇ, ಅಂದರೆ ಸೋರ್ಸನ್ನೇ, ತಂದು ಪುಷ್ಪಲತಾ ಈ ಯಂತ್ರದಲ್ಲಿ ಕಟ್ಟಿದ್ದರು. ಅವರು ಹೋದ ಮೇಲೆ ಜಾಗ ಸಾಲದೆಂದು ಯಾರೋ ಅಳಿಸಿದ್ದರು. ಮನುಷ್ಯರು ಓದಬಲ್ಲ ಬರಹವನ್ನು ಯಂತ್ರ ಮಾತ್ರ ಓದಬಲ್ಲ ರೂಪಕ್ಕೆ ಇಳಿಸುವುದೇ ಕಂಪೈಲ್ ಎಂದು ನಾನು ಅರ್ಥ ಮಾಡಿಕೊಂಡೆ.

ಅಂಗಿ ತೆಗೆದೆ, ಕೆಮ್ಮಿದೆ, ಕೂತೆ. ಕಡತಗಳನ್ನು ಬಿಚ್ಚಿದೊಡನೆ ಕಸುಬಿನ ಚಾಳಿಯಿಂದ ಓದತೊಡಗಿದೆ. ಒಂದೂ ತಿಳಿಯಲಿಲ್ಲ. ಆದರೆ ನಡುನಡುವೆ, ಯಂತ್ರಕ್ಕಲ್ಲದೆ ಮನುಷ್ಯರಿಗೆಂದೇ ಬರೆದ ಸಾಲುಗಳಿದ್ದವು. ‘ಇದು ಯಾಕೆ ಸರಿಹೋಗುತ್ತದೋ ನನಗೆ ಗೊತ್ತಿಲ್ಲ’ ಎಂದು ಒಬ್ಬರು ಇಂಗ್ಲಿಷಿನಲ್ಲಿ ಒಪ್ಪಿಕೊಂಡಿದ್ದರು. ‘ಇಲ್ಲಿ ತಪ್ಪಿದೆ, ತಪ್ಪು ನನ್ನದು, ಬಲ್ಲವರು ನೋಡಿ’ ಎಂದು ಇನ್ನೊಬ್ಬರು ಹೆಸರು ಸಮೇತ ಬರೆದಿದ್ದರು. ಕಂಪೈಲ್ ಮಾಡುವಾಗ ಇಂಥ ಸಾಲುಗಳನ್ನು ಯಂತ್ರ ದಾಟಿ ಹೋಗುತ್ತದಂತೆ. ಸಿದ್ಧವಾದ ತಂತ್ರಾಂಶದಲ್ಲಿ ಅವುಗಳ ಗುರುತೂ ಇರುವುದಿಲ್ಲ. ನನಗೆ ದಿಗಿಲಾಯಿತು. ನಮ್ಮಲ್ಲಿ ತಪ್ಪುಗಳಿಗೆ ಒಡೆಯರಿಲ್ಲ. ಅವು ತಾವಾಗಿ ನುಸುಳುತ್ತವೆ, ನಾವು ವಿಷಾದಿಸುತ್ತೇವೆ.

ಆಜ್ಞೆ ಕೊಟ್ಟೆ. ಪರದೆಯ ಮೇಲೆ ಸಾಲುಗಳು ಓಡತೊಡಗಿದವು, ನಡುವೆ ‘ವಾರ್ನಿಂಗ್’ ಎಂದು ಬಂತು. ನಿಲ್ಲಿಸಿದೆ. ಅನುಮಾನ ಬಂದ ಸಾಲನ್ನು ಮುಂದೆ ಬಿಡಬಾರದೆಂದು ಕಲಿತವನು ನಾನು. ಮತ್ತೆ ಶುರು ಮಾಡಿದೆ, ಮತ್ತೊಂದು ವಾರ್ನಿಂಗ್, ಮತ್ತೆ ನಿಲ್ಲಿಸಿದೆ. ಎರಡು ದಿನ ಹೀಗೆಯೇ ಹೋಯಿತು, ಮತ್ತೆ ಸುಳ್ಯಕ್ಕೆ ಫೋನು ಮಾಡಿದೆ. ಗುರುವಾರ ಬೆಳಿಗ್ಗೆ ಪುಷ್ಪಲತಾ ಬಸ್ಸಿನಲ್ಲಿ ಬಂದೇ ಬಿಟ್ಟರು, ನನ್ನ ಹಿಂದೆ ನಿಂತು ನೋಡಿದರು.

“ಸರ್, ನೀವೇ ನಿಲ್ಲಿಸುದಾ?”

“ವಾರ್ನಿಂಗ್ ಬರ್ತದಲ್ಲ?”

“ಎರರ್ ಆದರೆ ಅದಾಗಿಯೇ ನಿಲ್ತದೆ. ವಾರ್ನಿಂಗಿಗೆಲ್ಲ ನಿಲ್ಲಿಸಿದರೆ ಪೇಪರ್ ಹೊರಡುದು ಯಾವಾಗ?” ಕುರ್ಚಿ ಎಳೆದು ಕೂತು ಹೇಳಿದರು, “ಈ ಮಾತು ನೀವೇ ನಮಗೆ ಹೇಳ್ತಾ ಇದ್ದದ್ದು.”

ಅವರು ನಿಲ್ಲಿಸದೆ ಬಿಟ್ಟರು. ನೂರಾರು ವಾರ್ನಿಂಗುಗಳನ್ನು ಲೆಕ್ಕಿಸದೆ ಯಂತ್ರ ತನ್ನ ಕೆಲಸ ಮಾಡುತ್ತ ಹೋಯಿತು. ಎದುರಿನ ಹೋಟೆಲಿನಿಂದ ಗೋಳಿಬಜೆ ತರಿಸಿದೆವು. ಮಧ್ಯಾಹ್ನದ ಹೊತ್ತಿಗೆ ತಂತ್ರಾಂಶ ಎದ್ದು ನಿಂತಿತು. ಪುಷ್ಪಲತಾ ಆ ಪುಟ ತೆರೆದರು, ಎಂಟು ವರ್ಷದ ಹಿಂದೆ ಕಟ್ಟಿದ್ದ ಹಾಗೆಯೇ ಅದು ತೆರೆದುಕೊಂಡಿತು.

ನಮ್ಮ ಕಚೇರಿಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಪುಟ ಕಟ್ಟುವ ತಂತ್ರಾಂಶದಲ್ಲಿ ಪುಟದ ಸುತ್ತ ಖಾಲಿ ಜಾಗವಿರುತ್ತದೆ, ಅಲ್ಲಿಟ್ಟದ್ದು ಅಚ್ಚಾಗುವುದಿಲ್ಲ. ಸಂಶಯಗಳಿದ್ದರೆ ಪುಷ್ಪಲತಾ ಅಲ್ಲೊಂದು ಕೆಂಪು ಚೌಕ ಮಾಡಿ ಬರೆಯುತ್ತಿದ್ದರು. ನಾನು ಅದರಡಿಯಲ್ಲೇ ಉತ್ತರ ಬರೆದು ನನ್ನ ಹೆಸರಿನ ಮೊದಲಕ್ಷರ ಹಾಕುತ್ತಿದ್ದೆ. ಪುಟ ಅಚ್ಚಿಗೆ ಹೋಗುತ್ತಿತ್ತು, ಚೌಕ ಕಡತದಲ್ಲೇ ಉಳಿಯುತ್ತಿತ್ತು.

ಚಿತ್ರದ ಕೆಳಗೆ ‘ಬಂಧಿತ ಆರೋಪಿ’ ಎಂದೇ ಇತ್ತು. ಮುದ್ರಣಾಲಯ ಏನನ್ನೂ ಕೆಡಿಸಿರಲಿಲ್ಲ. ಅಂಚಿನ ಆಚೆ ಕೆಂಪು ಚೌಕವಿತ್ತು. ‘ಸರ್, ಗುಂಡ್ಯದ ವರದಿಗಾರರು ಕಳಿಸಿದ ಎರಡು ಫೋಟೋ ಅದಲುಬದಲಾದ ಹಾಗೆ ಉಂಟು. ಇವರು ನೆಲ್ಯಾಡಿಯ ಹಮೀದಾಕ ಅಲ್ವಾ? ಒಮ್ಮೆ ಕೇಳಿ.’ ಅದರಡಿಯಲ್ಲಿ ಉತ್ತರ: ‘ನೋಡಿದ್ದೇನೆ. ಸರಿ ಇದೆ. ಹೋಗಲಿ.’ ಆಮೇಲೆ ನನ್ನ ಮೊದಲಕ್ಷರ.

ಕರಡು ಓದುವಂತೆ ಅಕ್ಷರ ಅಕ್ಷರವಾಗಿ ಮೂರು ಸಲ ಓದಿದೆ. ಹಾಗೆ ಬರೆದ ನೆನಪು ಎಳ್ಳಷ್ಟೂ ಇಲ್ಲ. ಯಾರನ್ನೂ ಕೇಳಿದ ನೆನಪಂತೂ ಇಲ್ಲವೇ ಇಲ್ಲ. ಓದುವ ನಿಮಗೂ ಹೀಗೆ ಆಗಿರಬಹುದೇ ಎಂದು ಕೇಳುವ ಧೈರ್ಯ ನನಗಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ. ಸುಳ್ಳು ಹೇಳುವವನಿಗೆ ತಾನು ಹೇಳುತ್ತಿರುವುದು ಸುಳ್ಳೆಂದು ಗೊತ್ತಿರುತ್ತದೆ ಎಂದು ನಂಬಿದ್ದೆ. ತಪ್ಪು ನನ್ನದಲ್ಲ ಎಂಬ ಸುಳ್ಳನ್ನು ಎಂಟು ವರ್ಷ ನಾನು ಪೂರ್ಣ ಪ್ರಾಮಾಣಿಕತೆಯಿಂದ ನಂಬಿದ್ದೆ.

“ನಿಮಗೆ ಇದು ನೆನಪಿತ್ತಾ?” ಎಂದು ಕೇಳಿದೆ.

“ಬರೆದದ್ದು ನಾನಲ್ವಾ ಸರ್.”

“ಆಗ ಯಾಕೆ ಹೇಳಲಿಲ್ಲ?”

ಪುಷ್ಪಲತಾ ಪರದೆಯತ್ತ ಬೆರಳು ತೋರಿಸಿದರು. “ಹೇಳಿದ್ದೆನಲ್ಲ. ಅಲ್ಲೇ ಉಂಟು.”

ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಕಾಗದವನ್ನು ಅಲ್ಲೇ ಬರೆದೆ. ಚಿತ್ರ ತಪ್ಪಾಗಿ ಹೋದದ್ದು ನನ್ನಿಂದ. ಪುಟ ಕಟ್ಟಿದ ಪುಷ್ಪಲತಾ ಎಚ್ಚರಿಸಿದ್ದರು, ನಾನು ವಿಚಾರಿಸದೆ ಬಿಟ್ಟೆ. ಮುದ್ರಣಾಲಯದ ದೋಷವೆಂದು ಅಚ್ಚು ಹಾಕಿಸಿದ ಮಾತು ನಿಜವಲ್ಲ. ಮೊದಲಕ್ಷರ ಹಾಕಲು ಹೋದ ಕೈಯನ್ನು ತಡೆದು ಪೂರ್ತಿ ಹೆಸರು ಬರೆದೆ.

ಶುಕ್ರವಾರ ಬೆಳಿಗ್ಗೆ ನೆಲ್ಯಾಡಿಗೆ ಹೋಗಿ ಕೊಟ್ಟೆ. ಹಮೀದಾಕ ಕನ್ನಡಕ ಹಾಕಿ ನಿಧಾನವಾಗಿ ಓದಿದರು.

“ಪೂರಾ ಬರೆದಿದ್ದೀರಲ್ಲ. ನಿಮ್ಮ ಕೆಲಸಕ್ಕೆ ತೊಂದರೆ ಆಗ್ಲಿಕ್ಕಿಲ್ವಾ?”

“ಆಗಬಹುದು.”

ಅವರು ಕನ್ನಡಕ ತೆಗೆದು ಜೇಬಿಗಿಟ್ಟರು. ಆಮೇಲೆ ಟಾರ್ಪಾಲಿನ ರಾಶಿಯ ಎದುರು ನಿಂತು, ಕಾಗದವನ್ನು ಕೆನ್ನೆಯ ಪಕ್ಕಕ್ಕೆ ಹಿಡಿದರು. “ಒಂದು ಫೋಟೋ ತೆಗೀರಿ. ಈ ಸರ್ತಿ ತಿದ್ದುಪಡಿಯಲ್ಲಿ ನನ್ನ ಮುಖವೂ ಇರ್ಲಿ. ಆಗ ಇದನ್ನೂ ಬಿಡ್ತಾರೆ.”

ಆ ಚಿತ್ರ ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಬಂತು. ಅಚ್ಚಿಗೆ ಹೋಗುವ ಮೊದಲು ಅದನ್ನು ಸುಳ್ಯಕ್ಕೆ ಕಳುಹಿಸಿ, ಅಡಿಬರಹ ಸರಿಯಿದೆಯೇ ನೋಡಿ ಎಂದು ಕೇಳಿದೆ. ‘ನೋಡಿದ್ದೇನೆ. ಸರಿ ಇದೆ’ ಎಂದು ಉತ್ತರ ಬಂತು. ‘ಹೋಗಲಿ’ ಎಂದು ಇರಲಿಲ್ಲ.

ಅಂಗಿಯನ್ನು ಪುಷ್ಪಲತಾ ಒಗೆಯಲೆಂದು ಆ ಗುರುವಾರವೇ ಒಯ್ದಿದ್ದರು, ಇನ್ನೂ ತಂದಿಲ್ಲ, ನಾನೂ ಕೇಳಿಲ್ಲ. ಹಳೆಯ ಕಂಪ್ಯೂಟರು ಬರಿಮೈಯಲ್ಲಿ ಕೂತಿದೆ. ಧೂಳು ಕೂರುತ್ತದೆ. ಬೆಳಿಗ್ಗೆ ಕರಡು ಹಿಡಿಯುವ ಮೊದಲು ನಾನೇ ಒಂದು ಒದ್ದೆ ಬಟ್ಟೆ ತಂದು ಒರೆಸುತ್ತೇನೆ.