ಹುಳು ಮನೆಯ ಪಕ್ಕದ ಕೆಂಪು ಕಾರು

ಕಾರನ್ನು ಹನ್ನೆರಡು ದಿನದೊಳಗೆ ತೆಗೆಯಬೇಕೆಂದು ನನ್ನ ಹೆಂಡತಿ ಹೇಳಿದ್ದು ಮುದ್ದೆ ತೊಳಸುವಾಗ. ಬಲಗೈ ಮಣಿಕಟ್ಟಿಗೆ ಹಳೇ ಪಂಚೆಯ ತುಂಡು ಸುತ್ತಿಕೊಂಡು, ಎಡಗೈಯಲ್ಲಿ ಕೋಲು ಹಿಡಿದಿದ್ದಳು. ಹನ್ನೆರಡನೇ ದಿನಕ್ಕೆ ಚಾಕಿ ಬರುತ್ತದೆ, ಅಂದರೆ ಎರಡು ಜ್ವರ ದಾಟಿದ ಮರಿ ಹುಳು. ರೇಷ್ಮೆ ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದಕ್ಕೆ ನಮ್ಮ ಶಿಡ್ಲಘಟ್ಟದ ಕಡೆ ಜ್ವರ ಅನ್ನುತ್ತಾರೆ. ಅಷ್ಟರೊಳಗೆ ಹುಳು ಮನೆಯ ಪಕ್ಕದ ಕೋಣೆ ಖಾಲಿಯಾಗಿ, ಸೊಪ್ಪು ಇಡಲು ತೊಳೆದು ಸಿದ್ಧವಾಗಿರಬೇಕು.

“ಓಡೋದಾದ್ರೆ ತೋಟದ ಶೆಡ್ಡಲ್ಲಿರ್ಲಿ. ಓಡ್ದಿದ್ರೆ ಗುಜರಿಯೋನು ತಗೊಂಡೋಗ್ಲಿ, ಮಾತಾಡಿದೀನಿ,” ಅಂದಳು. “ಇನ್ನು ಅದನ್ನ ನೋಡ್ಕಳಕ್ಕೆ ನಂಗಾಗಲ್ಲ.”

ನನಗೆ ಪಿತ್ತ ನೆತ್ತಿಗೇರಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೂಲೆಯಲ್ಲಿ ತನ್ನ ಪಾಡಿಗೆ ನಿಂತಿರುವ ಕಾರು ಇವಳನ್ನು ಏನು ಕೇಳಿತು? ಮೇವು ಕೇಳಿತೆ, ನೀರು ಕೇಳಿತೆ? ಇದನ್ನೆಲ್ಲ ಜೋರಾಗಿಯೇ ಹೇಳಿದೆ. ಲೆಕ್ಕದ ಮೇಷ್ಟ್ರಾಗಿ ಕೂಗಿ ಕೂಗಿ ಅಭ್ಯಾಸವಾದ ಗಂಟಲು, ನಿವೃತ್ತಿಯಾದರೂ ಇಳಿದಿಲ್ಲ. ಅವಳು ಮುದ್ದೆ ಕಟ್ಟಿ ತಟ್ಟೆಗಿಟ್ಟಳು. ಸಿಟ್ಟು ಎಷ್ಟೇ ಇರಲಿ, ಮುದ್ದೆ ಆರಲು ಬಿಡುವ ಮನುಷ್ಯ ನಾನಲ್ಲ. ತಿಂದೆ.

ಆ ಕಾರು ನನ್ನ ಪಾಲಿಗೆ ಬಂದದ್ದು ಚಿಂತಾಮಣಿಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕ ಹೊಸದರಲ್ಲಿ, ಮದುವೆಗೆ ಮುಂಚೆ. ಬೆಂಗಳೂರಿನಲ್ಲಿದ್ದ ಯಾರೋ ವಿಲಾಯತಿಯವನು ತನ್ನ ದೇಶಕ್ಕೆ ಹೊರಟಾಗ ಮಾರಿದ್ದು, ಕೈಯಿಂದ ಕೈಗೆ ದಾಟಿ ನನ್ನವರೆಗೆ ಬಂದಿತ್ತು. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು, ಮೇಲೆ ಮಡಚುವ ಕ್ಯಾನ್ವಾಸು. ನೆಲಕ್ಕೆ ಎಷ್ಟು ಹತ್ತಿರ ಎಂದರೆ ಪಕ್ಕದಲ್ಲಿ ಗಾಡಿ ಹೋದರೆ ಎತ್ತಿನ ಹೊಟ್ಟೆ ಕಾಣುತ್ತಿತ್ತು. ವೇಗಕ್ಕೆಂದೇ ಹುಟ್ಟಿದ ಕಾರು, ಆದರೆ ನಮ್ಮ ರಸ್ತೆಗಳಲ್ಲಿ ಅದು ಓಡಿದ್ದಕ್ಕಿಂತ ಕುರಿಮಂದೆ ದಾಟಲಿ ಎಂದು ಕಾದು ನಿಂತದ್ದೇ ಹೆಚ್ಚು. ಸ್ಟಾಫ್ ರೂಮಿನಲ್ಲಿ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನನ್ನ ಬೆನ್ನ ಹಿಂದೆ ಅಲ್ಲ, ಮುಂದೆಯೇ ಅಂದರು. ನನ್ನ ತಾಯಿ ಕಾರಿನ ಸುತ್ತ ಒಂದು ಸುತ್ತು ಹಾಕಿ, ಮನೆಯಲ್ಲಿ ಎಂಟು ಜನ ಇದ್ದೀವಿ, ಉಳಿದ ಆರು ಜನ ಹಿಂದೆ ಓಡಿ ಬರಬೇಕಾ ಎಂದು ಕೇಳಿದಳು.

ಮದುವೆಯಾದ ತಿಂಗಳಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಅಂಬಾಜಿದುರ್ಗದ ಬುಡದವರೆಗೆ ಹೋಗಿದ್ದೆ. ಕ್ಯಾನ್ವಾಸು ಮಡಚಿದ್ದರಿಂದ ಅವಳ ತಲೆಯ ಹೂವೆಲ್ಲ ದಾರಿಯಲ್ಲೇ ಉದುರಿ, ಇಳಿಯುವಾಗ ಬರೀ ದಾರ ಉಳಿದಿತ್ತು. ಆ ದಾರ ಎಳೆದು ತೋರಿಸಿ ಅವಳು ನಕ್ಕ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಂಥ ದಿನ ನನ್ನ ಬದುಕಿನಲ್ಲಿ ಬಹಳ ಬಂದಿಲ್ಲ. ಆಮೇಲೆ ಮಕ್ಕಳಾದವು, ಹುಳು ಬಂತು, ಎರಡು ಸೀಟಿನಲ್ಲಿ ನಾನೊಬ್ಬನೇ ಓಡಾಡತೊಡಗಿದೆ.

ಹುಳು ಮನೆ ಅವಳ ರಾಜ್ಯ. ಬೀಡಿ ಸೇದಿದವರು, ಸ್ನೋ ಪೌಡರ್ ಹಚ್ಚಿಕೊಂಡವರು ಒಳಗೆ ಕಾಲಿಡುವಂತಿಲ್ಲ. ಹುಳಕ್ಕೆ ವಾಸನೆ ಆಗದು. ಮದುವೆಯಾದ ಆರನೇ ವರ್ಷ, ಬೆಳೆ ನಾಲ್ಕನೇ ಜ್ವರ ಎದ್ದು ರಾಶಿ ರಾಶಿ ಸೊಪ್ಪು ತಿನ್ನುತ್ತಿದ್ದ ದಿನ, ನಾನು ಅಂಗಳದಲ್ಲಿ ಡಬ್ಬದಿಂದ ಕಾರಿಗೆ ಪೆಟ್ರೋಲ್ ಹಾಕುತ್ತಿದ್ದೆ. ಚೆಲ್ಲಿತು. ಗೋಡೆಯ ಮೇಲೆ ಒಣಗಲು ಹಾಕಿದ್ದ ಗೋಣಿ ಎಳೆದು ಒರೆಸಿ, ಮತ್ತೆ ಅಲ್ಲೇ ಹಾಕಿ ಶಾಲೆಗೆ ಹೋದೆ. ಅದು ಸೊಪ್ಪು ಬಾಡದಂತೆ ಒದ್ದೆ ಮಾಡಿ ಹೊದಿಸುವ ಗೋಣಿ. ಸಂಜೆ ಬಂದು ನೋಡಿದರೆ ಅದೇ ಗೋಣಿ ಸೊಪ್ಪಿನ ರಾಶಿಯ ಮೇಲಿತ್ತು. ಬಾಯಿ ಬಿಡಬೇಕು ಅನ್ನುವಷ್ಟರಲ್ಲಿ ಅವಳು ಅದೇ ಸೊಪ್ಪು ಹಾಕಿ ಮುಗಿಸಿದ್ದಳು. ಬೆಳಗ್ಗೆ ಹುಳು ತಲೆ ಎತ್ತಿ ಹಸಿರು ಕಕ್ಕುತ್ತಿದ್ದವು. ಒಂದು ವಾರದಲ್ಲಿ ಗೂಡು ಕಟ್ಟಬೇಕಾದ ಬೆಳೆಯನ್ನು ಮಂಕರಿಯಲ್ಲಿ ತುಂಬಿ ಗುಂಡಿಗೆ ಸುರಿದೆವು.

“ಎವರಿ ದಿಷ್ಟೋ ತಗಿಲಿಂದಿ,” ಎಂದು ತಾಯಿ ತೆಲುಗಿನಲ್ಲಿ ಗೋಳಾಡಿದಳು. ಯಾರದೋ ದೃಷ್ಟಿಯೆಂದು ಅವಳು, ಮೊಟ್ಟೆಯೇ ಕೆಟ್ಟದ್ದೆಂದು ಅಕ್ಕಪಕ್ಕದವರು, ಯಾರದೋ ಹೊಲದ ಔಷಧಿ ಗಾಳಿಯಲ್ಲಿ ಬಂತೆಂದು ಮತ್ತೊಬ್ಬರು. ನಾನು ಎಲ್ಲರ ಮಾತಿಗೂ ಹೂಂಗುಟ್ಟಿದೆ. ಹೆಂಡತಿ ಮಾತ್ರ ಏನೂ ಅನ್ನಲಿಲ್ಲ, ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಹೇಡಿ, ಹೇಳಲಿಲ್ಲ. ಅದೇ ವಾರ ಟ್ಯಾಂಕು ಬರಿದು ಮಾಡಿ, ಕಾರನ್ನು ಪಕ್ಕದ ಕೋಣೆಗೆ ತಳ್ಳಿಸಿ, ಕಲ್ಲಿನ ಮೇಲೆ ನಿಲ್ಲಿಸಿದೆ. ಮಕ್ಕಳೊಂದಿಗನಿಗೆ ಇದೆಲ್ಲ ಯಾಕೆ ಎಂದು ಎಲ್ಲರಿಗೂ ಹೇಳಿದೆ. ಆಮೇಲೆ ಆ ಕೋಣೆಗೆ ಹೋಗಿದ್ದೇ ಅಪರೂಪ. ಹೋದರೆ ಆ ಹುಳುಗಳು ಕಣ್ಣ ಮುಂದೆ ಬರುತ್ತಿದ್ದವು.

ಈಗ ಗುಜರಿಯವನು ಬರುತ್ತಾನೆ ಅಂದಾಗ ಮಾತ್ರ ಕೂತಿರಲಾಗಲಿಲ್ಲ. ಶಿಡ್ಲಘಟ್ಟಕ್ಕೆ ಹೋಗಿ ಹಳೇ ಮೆಕ್ಯಾನಿಕ್ಕನ್ನು ಹುಡುಕಿದೆ. ಅಂದು ಕಾರನ್ನು ಕಲ್ಲಿನ ಮೇಲೆ ನಿಲ್ಲಿಸಿದವರೂ ಅವರೇ. ಆಗ ಇಪ್ಪತ್ತೈದರ ಹುಡುಗ, ಈಗ ಬಿಳಿ ಗಡ್ಡದ ಸಾಹೇಬರು, ರೇಷ್ಮೆ ನೂಲು ತೆಗೆಯುವವರ ಮೋಟರುಗಳನ್ನು ರಿಪೇರಿ ಮಾಡಿಕೊಂಡಿದ್ದಾರೆ. ಕಾರು ಅಂದ ಕೂಡಲೇ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದು ಮೊದಲೇ ಎಚ್ಚರಿಸಿದರು. ಇಷ್ಟು ವರ್ಷ ತಿರುಗದ ಎಂಜಿನ್ ಒಳಗೇ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ, ಅದನ್ನು ಬಿಡಿಸುವುದು ಹನ್ನೆರಡು ದಿನದ ಕೆಲಸವಲ್ಲ, ಈಗ ಆ ಸಾಮಾನೂ ಸಿಗುವುದಿಲ್ಲ.

ಬಂದು ಮೊದಲು ಕಾರಿನ ಮುಂದುಗಡೆ ಎಂಜಿನ್ ತಿರುಗಿಸುವ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿದರು. ತಿರುಗಿತು. ಅವರು ನನ್ನ ಮುಖ ನೋಡಿದರು, ಮತ್ತೆ ತಿರುಗಿಸಿದರು. ಬಾವಿಯ ರಾಟೆಯಷ್ಟೇ ಸಲೀಸಾಗಿ ತಿರುಗಿತು. ಪ್ಲಗ್ಗುಗಳನ್ನು ಬಿಚ್ಚಿ, ಒಳಗೆ ಕಡ್ಡಿ ಬಿಟ್ಟು ತೆಗೆದು, ತುದಿಯನ್ನು ಬೆರಳಲ್ಲಿ ಉಜ್ಜಿ ಮೂಸಿದರು.

“ಮೇಷ್ಟ್ರೇ, ಇದ್ರಲ್ಲಿ ಎಣ್ಣೆ ಐತೆ. ಹಳೇದಲ್ಲ. ಯಾರೋ ಬಿಡ್ತಾ ಬಂದವ್ರೆ,” ಅಂದರು.

ಯಾರು ಬಿಡುತ್ತಾರೆ, ನಿಮಗೆ ಭ್ರಮೆ ಎಂದು ನಾನು ರೇಗಿದೆ. ಅವರು ವಾದ ಮಾಡಲಿಲ್ಲ, ಕೆಲಸಕ್ಕೆ ಇಳಿದರು. ಹೊಸ ಬ್ಯಾಟರಿ, ಟೈರು, ಪೆಟ್ರೋಲ್ ಪೈಪು ಬಂತು. ಇಲಿಗಳು ಸೀಟಿನೊಳಗೆ ಮಾಡಿದ್ದ ಸಂಸಾರವನ್ನು ಹೊರಗೆ ಹಾಕಿದೆವು. ಬ್ರೇಕಿಗೆ ಬೇಕಾದ ರಬ್ಬರನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು ಅಲೆದು, ಬೇರೆ ಯಾವುದೋ ಗಾಡಿಯದನ್ನು ತಂದು ಕೂರಿಸಿದರು. ಬಂಪರು ಮಾತ್ರ ಹುಳು ಮನೆ ತೊಳೆಯುವ ಬ್ಲೀಚಿಂಗ್ ಪುಡಿಯ ಗಾಳಿಗೆ ತೂತು ತೂತಾಗಿತ್ತು. ಮಿಕ್ಕ ಮೈಯೆಲ್ಲ ಹೆಚ್ಚು ಕೆಟ್ಟಿರಲಿಲ್ಲ. ಅದು ಯಾಕೆ ಎಂದು ನನಗಾಗ ಹೊಳೆಯಲೇ ಇಲ್ಲ. ಹಳೇ ಕಬ್ಬಿಣವೇ ಹಾಗೆ, ಗಟ್ಟಿ ಎಂದು ಭಾಷಣ ಮಾಡಿದೆ.

ಹನ್ನೊಂದನೇ ದಿನ ಕಾರನ್ನು ಅಂಗಳದಾಚೆ ಬೇವಿನ ಮರದ ಕೆಳಗೆ ತಳ್ಳಿದೆವು. ಹೆಂಡತಿ ದೂರದಲ್ಲಿ ನಿಂತಿದ್ದಳು. ಕೀಲಿ ತಿರುಗಿಸಿದರೆ ಗೊರಗೊರ ಅಂದು ಸುಮ್ಮನಾಯಿತು. ಐದಾರು ಸಲ ಹಾಗೇ ಆಯಿತು, ಬ್ಯಾಟರಿ ಇಳಿಯಿತು. ಸಾಹೇಬರು ಹ್ಯಾಂಡಲ್ ಎತ್ತಿಕೊಂಡರು, ಹಾಕಿ ತಿರುಗಿಸಿದರು, ಹತ್ತಲಿಲ್ಲ. ನಾನು ಹೋಗಿ ತಿರುಗಿಸಿದೆ, ಏದುಸಿರು ಬಂತೇ ಹೊರತು ಎಂಜಿನ್ ಬರಲಿಲ್ಲ.

“ಹಂಗಲ್ಲ,” ಅಂದಳು ಹೆಂಡತಿ, ಹತ್ತಿರ ಬಂದು. “ಹೆಬ್ಬೆರಳು ಈ ಕಡೆ ಇರ್ಬೇಕು, ಮೇಲಕ್ಕೆ ಎಳೀಬೇಕು. ಕೆಳಕ್ಕೆ ಒತ್ತಿದ್ರೆ ಒದ್ದುಬಿಡ್ತದೆ.”

ಸಾಹೇಬರು ಅವಳನ್ನೇ ನೋಡಿದರು. ಆಮೇಲೆ ನಿಧಾನವಾಗಿ, ಅಕ್ಕ, ಇದು ನಿಮಗೆ ನಾನೇ ಹೇಳಿಕೊಟ್ಟಿದ್ದೆನಲ್ಲವಾ ಎಂದು ಕೇಳಿದರು. ಹೌದೆಂದು ಅವಳು ತಲೆಯಾಡಿಸಿದಳು. ಕಾರನ್ನು ಕಲ್ಲಿನ ಮೇಲೆ ನಿಲ್ಲಿಸಿದ ದಿನವೇ, ಸುಮ್ಮನೆ ನಿಂತರೆ ಇದಕ್ಕೇನಾಗುತ್ತದೆ ಎಂದು ಅವಳು ಕೇಳಿದ್ದಳಂತೆ. ಆಗಾಗ ಪ್ಲಗ್ಗು ಬಿಚ್ಚಿ ನಾಲ್ಕು ತೊಟ್ಟು ಎಣ್ಣೆ ಬಿಟ್ಟು ತಿರುಗಿಸಬೇಕು ಎಂದು ಅವರು ತೋರಿಸಿಕೊಟ್ಟು ಮರೆತಿದ್ದರು. ಅವಳು ಮರೆಯಲಿಲ್ಲ. ಪ್ರತಿ ಬೆಳೆ ಮುಗಿದು ಗೂಡು ಮಾರುಕಟ್ಟೆಗೆ ಹೋದ ಮೇಲೆ, ನಾನು ಶಾಲೆಗೋ, ನಿವೃತ್ತಿಯಾದ ಮೇಲೆ ಪೇಟೆಗೋ ಹೋದಾಗ, ಕಾರಿಗೆ ಪ್ಲಾಸ್ಟಿಕ್ ಹೊದಿಸಿ ಹುಳು ಮನೆ ತೊಳೆದು, ಎಣ್ಣೆ ಬಿಟ್ಟು ಹ್ಯಾಂಡಲ್ ತಿರುಗಿಸುತ್ತಿದ್ದಳು. ವರ್ಷಕ್ಕೆ ಐದು ಬೆಳೆ. ಲೆಕ್ಕದ ಮೇಷ್ಟ್ರಾಗಿದ್ದರೂ ಆ ಗುಣಾಕಾರ ಮಾಡುವ ಧೈರ್ಯ ನನಗೆ ಬರಲಿಲ್ಲ.

“ಹೋದ್ವರ್ಷದಿಂದ ಈ ಕೈ ಸೋತೋಯ್ತು,” ಅಂದಳು, ಬಟ್ಟೆ ಸುತ್ತಿದ ಮಣಿಕಟ್ಟು ತೋರಿಸಿ. “ಅದ್ಕೇ ತೆಗೀರಿ ಅಂದಿದ್ದು.”

ಸೊಪ್ಪು ಕೊಯ್ದು ಕೊಯ್ದು ನೋವು ಬಂದಿರಬೇಕು ಎಂದು ನಾನು ಒಂದು ವರ್ಷದಿಂದ ಮುಲಾಮು ತಂದುಕೊಡುತ್ತಿದ್ದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಹೆಬ್ಬೆರಳನ್ನು ಅವಳು ಹೇಳಿದ ಕಡೆ ಇಟ್ಟು ಮೇಲಕ್ಕೆ ಎಳೆದೆ. ಎರಡನೇ ಸಲಕ್ಕೆ ಎಂಜಿನ್ ಹತ್ತಿತು. ಕಪ್ಪು ಹೊಗೆ ಉಗುಳಿ, ಕೆಮ್ಮಿ, ಆಮೇಲೆ ಆ ಹಳೇ ದನಿಯಲ್ಲೇ ಗುಡುಗಿತು. ಸಾಹೇಬರು ಕಣ್ಣೊರೆಸಿಕೊಂಡು, ಹೊಗೆ ಜಾಸ್ತಿ ಅಂದರು.

ಬ್ರೇಕು ನೋಡಿಕೊಂಡು ಬರೋಣ ಎಂದು ನಾನು ಕರೆದದ್ದಕ್ಕೆ ಹೆಂಡತಿ ತಲೆಗೆ ಟವಲು ಕಟ್ಟಿಕೊಂಡು ಬಂದು ಕೂತಳು. ಚಿಂತಾಮಣಿ ರಸ್ತೆಯಲ್ಲಿ ಮೆಲ್ಲಗೆ ಹೊರಟೆವು. ಕಾಲೇಜು ಹುಡುಗರು ಬೈಕು ನಿಲ್ಲಿಸಿ ಮೊಬೈಲಿನಲ್ಲಿ ನಮ್ಮ ಫೋಟೋ ಹಿಡಿದರು. ಅಂಬಾಜಿದುರ್ಗದ ಬೆಟ್ಟ ಕಾಣುವ ತಿರುವಿನಲ್ಲಿ ಗಾಡಿ ನಿಲ್ಲಿಸಿದೆ. ಆ ಬೆಳೆ ಹೋಗಿದ್ದು ನನ್ನಿಂದ, ಗೋಣಿಯಲ್ಲಿ ಪೆಟ್ರೋಲ್ ಒರೆಸಿದ್ದೆ ಎಂದು, ಅವಳ ಕಡೆ ತಿರುಗದೆ ಹೇಳಿಬಿಟ್ಟೆ.

“ಗೊತ್ತು. ಹುಳು ಸತ್ಮೇಲೆ ಆ ಗೋಣಿ ಒಗ್ದಿದ್ದು ನಾನೇ ಅಲ್ವಾ,” ಅಂದಳು. “ಮೂರ್ಸಲ ಸೋಪು ಹಾಕಿದ್ರೂ ವಾಸ್ನೆ ಹೋಗ್ಲಿಲ್ಲ. ಅತ್ತೆ ನೋಡೋಕ್ಮುಂಚೆ ಒಲೆಗಾಕ್ದೆ.”

ಈಗ ಅವಳ ಕಡೆ ತಿರುಗಿದೆ.

“ನೀವು ಹೇಳ್ಲಿಲ್ಲ. ಆದ್ರೆ ಅಷ್ಟು ಇಷ್ಟದ ಕಾರನ್ನ ಮೂಲೆಗಾಕಿದ್ರಿ. ನಂಗೆ ಅಷ್ಟೇ ಸಾಕಾಯ್ತು,” ಅಂದು ಟವಲು ಬಿಗಿ ಮಾಡಿಕೊಂಡಳು. “ಬ್ರೇಕು ಹಿಡಿತದಲ್ಲ, ಬೆಟ್ಟದವರ್ಗೂ ಹೋಗಣ ನಡೀರಿ.”

ಮರುದಿನ ಚಾಕಿ ಬಂತು. ಹುಳುವಿನ ತಟ್ಟೆ ಇಳಿಸಲು ನಾನೂ ಹೋದೆ. ಬಾಗಿಲಲ್ಲೇ ತಡೆದು ಕೈಗೆ ಸೋಪು ಕೊಟ್ಟಳು. ಮೊಣಕೈವರೆಗೂ ಎರಡು ಸಲ ತೊಳೆದೆ. ಅವಳು ಮೂಸಿ ನೋಡಿ ಒಳಗೆ ಬಿಟ್ಟಳು.